ಎಲ್ಲರೂ ಎಲ್ಲರೊಡನೆ: ನ್ಯೂ ಸೌತ್ ವೇಲ್ಸ್‌ನ ಸ್ಪೀಡ್‌ವೇ ಪಟ್ಟ

ಒಂದು ರಾಜ್ಯದಲ್ಲಿ ಹದಿನಾರು ಮಂದಿ ಪಳಗಿದ ಸವಾರರಿದ್ದಾರೆ ಎಂದುಕೊಳ್ಳಿ. ಮೋಟಾರ್‌ಸೈಕಲ್ ಸವಾರರು. ಅವರಲ್ಲಿ ಎಲ್ಲರಿಗಿಂತ ಮೇಲು ಯಾರು ಎಂದು ತೀರ್ಮಾನವಾಗಬೇಕು. ಒಂದೇ ರಾತ್ರಿಯಲ್ಲಿ ಆಗಬೇಕು. ಟ್ರ್ಯಾಕಿನಲ್ಲಿ ಒಂದು ಸಲಕ್ಕೆ ನಾಲ್ವರಿಗೆ ಮಾತ್ರ ಜಾಗ. ಎಂಜಿನ್ ಕೈಕೊಡಬಹುದು. ಚಕ್ರ ಜಾರಬಹುದು. ಪಕ್ಕದವನು ಬಿದ್ದು ಇವನನ್ನೂ ಬೀಳಿಸಬಹುದು. ಇಷ್ಟೆಲ್ಲ ಇದ್ದೂ ಸೋತವನು ಮನೆಗೆ ಹೊರಟಾಗ ‘ನನಗೆ ಅನ್ಯಾಯವಾಯಿತು’ ಎನ್ನಬಾರದು. ಇಂಥ ಪಂದ್ಯವನ್ನು ನೀವಾದರೆ ಹೇಗೆ ಏರ್ಪಡಿಸುತ್ತೀರಿ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಜನ ಈ ಪ್ರಶ್ನೆಯ ಜೊತೆ ನೂರು ವರ್ಷದಿಂದ ಗುದ್ದಾಡುತ್ತ ಬಂದಿದ್ದಾರೆ. ಅವರ ಆಟದ ಹೆಸರು ಸ್ಪೀಡ್‌ವೇ. ಅವರ ಪಟ್ಟ ರಾಜ್ಯದ ವೈಯಕ್ತಿಕ ಚಾಂಪಿಯನ್‌ಷಿಪ್. ಆ ಪಟ್ಟವನ್ನು ನ್ಯಾಯವಾಗಿ ಕೊಡುವ ದಾರಿ ಹೇಗೆ ಸಿಕ್ಕಿತು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆಟ ಯಾವುದು ಎಂದು ಹೇಳಿಬಿಡಬೇಕು. ನಮ್ಮಲ್ಲಿ ಇದನ್ನು ನೋಡಿದವರು ಕಡಿಮೆ.

ಮೊಟ್ಟೆಯಾಕಾರದ ಒಂದು ಮಣ್ಣಿನ ಟ್ರ್ಯಾಕ್. ಸುತ್ತಳತೆ ಮುನ್ನೂರು ನಾಲ್ಕುನೂರು ಮೀಟರ್. ನಾಲ್ಕು ಮೋಟಾರ್‌ಸೈಕಲ್‌ಗಳು ಅಕ್ಕಪಕ್ಕ ನಿಲ್ಲುತ್ತವೆ. ಎಂಜಿನ್ 500 ಸಿಸಿ. ಒಂದೇ ಗೇರ್. ಬ್ರೇಕ್ ಇಲ್ಲ. ಹೌದು, ಬ್ರೇಕ್ ಇಲ್ಲವೇ ಇಲ್ಲ. ಇಂಧನ ಮೆಥನಾಲ್. ಎಂಜಿನ್ನಿಗೆ ಹಾಕುತ್ತಿದ್ದುದು ಹರಳೆಣ್ಣೆ. ಸ್ಪೀಡ್‌ವೇ ನೋಡಿದ ಹಳಬರನ್ನು ಕೇಳಿದರೆ ಮೊದಲು ನೆನೆಯುವುದು ಆ ಸುಟ್ಟ ಹರಳೆಣ್ಣೆಯ ವಾಸನೆಯನ್ನು.

ಸವಾರರ ಎದೆಯ ಎತ್ತರದಲ್ಲಿ ಅಡ್ಡಲಾಗಿ ಟೇಪುಗಳನ್ನು ಕಟ್ಟಿರುತ್ತಾರೆ. ಟೇಪು ಸರಕ್ಕನೆ ಮೇಲೆದ್ದರೆ ಓಟ ಶುರು. ಎಡಕ್ಕೆ ತಿರುಗುತ್ತ ನಾಲ್ಕು ಸುತ್ತು. ನೇರದಾರಿಯಲ್ಲಿ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ. ತಿರುವಿನಲ್ಲೂ ಸವಾರ ಆಕ್ಸಿಲರೇಟರ್ ಬಿಡುವುದಿಲ್ಲ. ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾನೆ. ಗಾಡಿ ಅಡ್ಡಡ್ಡ ಹೋಗುತ್ತದೆ. ಎಡಕ್ಕೆ ತಿರುಗಬೇಕಾದವನು ಮುಂದಿನ ಚಕ್ರವನ್ನು ಬಲಕ್ಕೆ ಹೊರಳಿಸಿ ಹಿಡಿದಿರುತ್ತಾನೆ. ಎಡಗಾಲಿನ ಬೂಟಿನ ಕೆಳಗೆ ಉಕ್ಕಿನ ತಗಡು. ಆ ಕಾಲನ್ನು ಮಣ್ಣಿಗೆ ಊರಿ ಉಜ್ಜುತ್ತ ಸಾಗುತ್ತಾನೆ. ಹಿಂದೆ ಬರುವವನ ಮುಖಕ್ಕೆ ಮಣ್ಣು ಎರಚುತ್ತದೆ. ಎಲ್ಲ ಸೇರಿ ಒಂದು ನಿಮಿಷ. ಅಷ್ಟರಲ್ಲಿ ಮುಗಿಯಿತು.

ಗೆದ್ದವನಿಗೆ 3 ಅಂಕ. ಎರಡನೆಯವನಿಗೆ 2. ಮೂರನೆಯವನಿಗೆ 1. ಕೊನೆಯವನಿಗೆ ಸೊನ್ನೆ. ಈ ಒಂದು ನಿಮಿಷದ ಓಟಕ್ಕೆ ಹೀಟ್ ಎನ್ನುತ್ತಾರೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಂಥ ಆಟ ಹುಟ್ಟಿದ್ದು ಎಲ್ಲಿ?

ಸಿಡ್ನಿಯಿಂದ ಉತ್ತರಕ್ಕೆ, ಹಂಟರ್ ನದಿಯ ಬಯಲಿನಲ್ಲಿ, ಮೇಟ್‌ಲ್ಯಾಂಡ್ ಎಂಬ ಊರಿದೆ. ಆ ಸೀಮೆಯ ಊರುಗಳಲ್ಲಿ ವರ್ಷವರ್ಷ ಕೃಷಿ ಮೇಳ ನಡೆಯುತ್ತದೆ. ನಮ್ಮ ದನಗಳ ಜಾತ್ರೆಯಂತೆ ಅಲ್ಲೂ ಹೋರಿ, ಕುದುರೆ, ಬೆಳೆ ಎಲ್ಲದರ ಪ್ರದರ್ಶನ, ಬಹುಮಾನ, ಸಂಜೆಗೆ ಮನರಂಜನೆ. ಅದಕ್ಕೆಂದೇ ಊರಿಗೊಂದು ಮೇಳದ ಮೈದಾನ. ಮೈದಾನದ ಸುತ್ತ ಕುದುರೆ ಓಡಿಸುವ ದುಂಡು ದಾರಿ.

1923ರ ಡಿಸೆಂಬರ್ 15. ಮೇಟ್‌ಲ್ಯಾಂಡಿನ ಆ ಮೈದಾನದಲ್ಲಿ ವಿದ್ಯುದ್ದೀಪಗಳ ಉತ್ಸವ ನಡೆಯಿತು. ವಿದ್ಯುತ್ ಬೆಳಕೇ ಇನ್ನೂ ಹೊಸತಾಗಿದ್ದ ಕಾಲ ಅದು. ಮೇಳದ ಸಂಘಕ್ಕೆ ಒಬ್ಬ ಕಾರ್ಯದರ್ಶಿ. ಹೆಸರು ಜಾನಿ ಹಾಸ್ಕಿನ್ಸ್. ನ್ಯೂಜಿಲೆಂಡಿನಲ್ಲಿ ಹುಟ್ಟಿದವನು. ಆಗ ಮೂವತ್ತರ ಆಸುಪಾಸು ವಯಸ್ಸು. ಆ ರಾತ್ರಿಯ ಕಾರ್ಯಕ್ರಮದಲ್ಲಿ ಅವನು ಮೋಟಾರ್‌ಸೈಕಲ್ ಓಟವನ್ನೂ ಸೇರಿಸಿದ. ದೀಪದ ಬೆಳಕಿನಲ್ಲಿ, ಮಣ್ಣಿನ ದುಂಡು ದಾರಿಯಲ್ಲಿ ಗಾಡಿಗಳು ಜಾರುತ್ತ ಓಡಿದವು. ಜನ ಹುಚ್ಚೆದ್ದು ನೋಡಿದರು.

ಇದೇ ಜಗತ್ತಿನ ಮೊದಲ ಸ್ಪೀಡ್‌ವೇಯೇ ಎಂದು ಇತಿಹಾಸಕಾರರು ಜಗಳವಾಡುತ್ತಾರೆ. ಅಮೆರಿಕದಲ್ಲಿ ಮಣ್ಣಿನ ಟ್ರ್ಯಾಕಿನ ಓಟ ಅದಕ್ಕಿಂತ ಮೊದಲೇ ಇತ್ತು. ನನಗೆ ಆ ಜಗಳ ಮುಖ್ಯವಲ್ಲ. ರಾತ್ರಿ, ದೀಪ, ಚಿಕ್ಕ ಟ್ರ್ಯಾಕ್, ಟಿಕೆಟ್ ಕೊಟ್ಟು ಬಂದ ಜನ, ವಾರವಾರ ಓಟ ಎಂಬ ರೂಪ ಹಬ್ಬಿದ್ದು ಮೇಟ್‌ಲ್ಯಾಂಡಿನಿಂದ. ಹಾಸ್ಕಿನ್ಸ್ ಅಲ್ಲಿಂದ ನ್ಯೂಕ್ಯಾಸಲ್‌ಗೆ ಹೋದ. 1926ರಲ್ಲಿ ಸಿಡ್ನಿಯ ದೊಡ್ಡ ಮೇಳದ ಮೈದಾನದಲ್ಲಿ ಸ್ಪೀಡ್‌ವೇ ಶುರುವಾಯಿತು. ಆ ಟ್ರ್ಯಾಕಿಗೆ ಜನ ‘ರಾಯಲ್’ ಎಂದರು. ಸುತ್ತಳತೆ 500 ಮೀಟರಿಗೂ ಚೂರು ಹೆಚ್ಚು. ಸುತ್ತ ಕಾಂಕ್ರೀಟ್ ಗೋಡೆ. ಬಹಳ ವೇಗದ ಟ್ರ್ಯಾಕ್. ಬಹಳ ಕ್ರೂರವಾದ ಟ್ರ್ಯಾಕ್ ಕೂಡ. ಮುಂದಿನ ದಶಕಗಳಲ್ಲಿ ಹಲವರು ಆ ಗೋಡೆಗೆ ಬಡಿದು ಸತ್ತರು.

ಹೀಗೆ ಆಟ ಹುಟ್ಟಿತು, ಜನ ಬಂದರು. ಈಗ ಪಟ್ಟದ ಮಾತಿಗೆ ಬರೋಣ.

ಮೊದಲ ದಿನಗಳಲ್ಲಿ ಹೆಚ್ಚಿನ ಓಟಗಳು ಹ್ಯಾಂಡಿಕ್ಯಾಪ್ ಓಟಗಳು. ಅಂದರೆ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ. ಕಲಿಯುವವನನ್ನು ಮುಂದೆ ನಿಲ್ಲಿಸುತ್ತಾರೆ. ಪಳಗಿದವನನ್ನು ಹಿಂದೆ ನಿಲ್ಲಿಸುತ್ತಾರೆ. ಪ್ರೇಕ್ಷಕರಿಗೆ ಇದು ಹಬ್ಬ. ಹಿಂದಿನಿಂದ ಬಂದು ಒಬ್ಬೊಬ್ಬರನ್ನೇ ದಾಟುವ ಸವಾರನನ್ನು ನೋಡುವುದೇ ಚೆಂದ. ಆದರೆ ಇದರಿಂದ ಯಾರು ಮೇಲು ಎಂದು ತಿಳಿಯುವುದಿಲ್ಲ. ಎಷ್ಟು ಗಜ ಹಿಂದೆ ನಿಲ್ಲಿಸಬೇಕು ಎಂದು ನಿರ್ಧರಿಸಿದ ಅಧಿಕಾರಿಯೇ ಅರ್ಧ ಫಲಿತಾಂಶ ಬರೆದುಬಿಟ್ಟಿರುತ್ತಾನೆ.

ಹಾಗಾಗಿ ಚಾಂಪಿಯನ್‌ಷಿಪ್ ಎಂದರೆ ಒಂದೇ ಗೆರೆಯಿಂದ ಹೊರಡುವ ಓಟ ಎಂದಾಯಿತು. ಒಳ್ಳೆಯದು. ಆದರೆ ಎಷ್ಟು ಸುತ್ತು? ಒಂದು ಕಡೆ ಎರಡು ಸುತ್ತಿನ ಪಟ್ಟ. ಇನ್ನೊಂದು ಕಡೆ ಮೂರು ಸುತ್ತಿನದು. ಮತ್ತೊಂದು ಕಡೆ ನಾಲ್ಕು ಸುತ್ತಿನದು. ರಾಜ್ಯದ ಪಟ್ಟ, ದೇಶದ ಪಟ್ಟ ಎರಡೂ ಹೀಗೆ ಹರಿದುಹಂಚಿ ಹೋಗಿದ್ದವು. ಒಂದೇ ಬೇಸಿಗೆಯಲ್ಲಿ ಬೇರೆಬೇರೆ ದೂರಕ್ಕೆ ಬೇರೆಬೇರೆ ಚಾಂಪಿಯನ್ನರು. ಟ್ರ್ಯಾಕ್ ನಡೆಸುವವರಿಗೆ ಇದು ಲಾಭವೇ. ಚಾಂಪಿಯನ್‌ಷಿಪ್ ಎಂದು ಪೋಸ್ಟರ್ ಹಚ್ಚಿದರೆ ಟಿಕೆಟ್ ಖರ್ಚಾಗುತ್ತದೆ. ವರ್ಷಕ್ಕೆ ಒಂದು ಹಚ್ಚುವ ಬದಲು ಮೂರು ಹಚ್ಚಬಹುದಲ್ಲ! ಆದರೆ ಸವಾರನ ದೃಷ್ಟಿಯಿಂದ ನೋಡಿ. ಅವನು ಪ್ರಾಣ ಒತ್ತೆಯಿಟ್ಟು ಗೆದ್ದದ್ದು ಪಟ್ಟದ ಒಂದು ತುಂಡನ್ನು.

ಇನ್ನೊಂದು ತೊಂದರೆಯೂ ಇತ್ತು. ಆರಂಭದ ಪಟ್ಟಗಳಲ್ಲಿ ಸೋತವನು ಹೊರಗೆ ಎಂಬ ಪದ್ಧತಿ ಸಾಮಾನ್ಯವಾಗಿತ್ತು. ಮೊದಲ ಓಟ, ಸೆಮಿಫೈನಲ್, ಫೈನಲ್. ಟೆನಿಸ್‌ಗೆ ಇದು ಸರಿ. ಅಲ್ಲಿ ರ‍್ಯಾಕೆಟ್ ಮುರಿದರೆ ಇನ್ನೊಂದನ್ನು ಎತ್ತಿಕೊಳ್ಳಬಹುದು. ಇಲ್ಲಿ ಮೊದಲ ಓಟದಲ್ಲೇ ಚೈನ್ ಕಿತ್ತುಹೋದರೆ ರಾಜ್ಯದ ಅತ್ಯುತ್ತಮ ಸವಾರ ಎಂಟು ಗಂಟೆಗೇ ಬಟ್ಟೆ ಬದಲಿಸಿ ಕೂರಬೇಕಾಗುತ್ತಿತ್ತು. ಒಂದು ನಿಮಿಷದ ದುರದೃಷ್ಟ, ಇಡೀ ವರ್ಷ ಮಣ್ಣುಪಾಲು.

ಓಟದ ಆರಂಭವೇ ಒಂದು ಸಮಸ್ಯೆ. ಮೊದಲು ಗಾಡಿಗಳು ಓಡುತ್ತಲೇ ಗೆರೆ ದಾಟಿ ಹೊರಡುತ್ತಿದ್ದವು. ಚಾಲಾಕಿಯಾದವನು ಒಂದು ಗಾಡಿಯಷ್ಟು ಮುಂಚೆಯೇ ನುಗ್ಗುತ್ತಿದ್ದ. 1930ರ ದಶಕದ ಆರಂಭದಲ್ಲಿ ಟೇಪಿನ ಗೇಟ್ ಬಂತು. ನಾಲ್ವರೂ ಸ್ತಬ್ಧ ನಿಲ್ಲಬೇಕು. ಟೇಪು ಮುಟ್ಟಿದವನಿಗೆ ಶಿಕ್ಷೆ. ಸಣ್ಣ ಉಪಕರಣ. ಆದರೆ ನ್ಯಾಯದ ದಾರಿಯಲ್ಲಿ ಅದು ದೊಡ್ಡ ಹೆಜ್ಜೆ ಎಂದು ನನ್ನ ಎಣಿಕೆ.

ಈ ನಡುವೆ ಆಸ್ಟ್ರೇಲಿಯಾದವರು ಸಮುದ್ರ ದಾಟಿದ್ದರು. 1928ರ ಫೆಬ್ರವರಿಯಲ್ಲಿ ಲಂಡನ್ನಿನ ಹೊರವಲಯದ ಹೈ ಬೀಚ್ ಎಂಬಲ್ಲಿ ಸ್ಪೀಡ್‌ವೇ ನಡೆದಾಗ ಸುಮಾರು 30 ಸಾವಿರ ಜನ ಮುಗಿಬಿದ್ದರು. ಅದೇ ವರ್ಷ ಹಾಸ್ಕಿನ್ಸ್ ಸವಾರರ ಒಂದು ದಂಡನ್ನೇ ಹಡಗು ಹತ್ತಿಸಿ ಕರೆದೊಯ್ದ. ಇಂಗ್ಲೆಂಡಿನಲ್ಲಿ ಬೇಸಿಗೆಯೆಂದರೆ ಆಸ್ಟ್ರೇಲಿಯಾದಲ್ಲಿ ಚಳಿಗಾಲ. ಇಂಗ್ಲೆಂಡಿನ ಚಳಿಗಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಬೇಸಿಗೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಇಂಗ್ಲೆಂಡಿನಲ್ಲಿ ಓಡಿಸುವುದು. ಆಮೇಲೆ ವಾರಗಟ್ಟಲೆ ಹಡಗಿನಲ್ಲಿ ಕೂತು ಊರಿಗೆ ಬಂದು ರಾಜ್ಯದ ಪಟ್ಟಕ್ಕೆ ಇಳಿಯುವುದು. ಸವಾರನ ವರ್ಷಕ್ಕೆ ಎರಡು ಬೇಸಿಗೆ.

ಆಸ್ಟ್ರೇಲಿಯಾದವರ ಕೈ ಎಷ್ಟು ಮೇಲಿತ್ತೆಂದರೆ, 1929ರಲ್ಲಿ ಇಂಗ್ಲೆಂಡಿನಲ್ಲಿ ತಾರಾ ಸವಾರರ ಪಟ್ಟ ಶುರುವಾದಾಗ ಅದನ್ನು ಎರಡು ಭಾಗ ಮಾಡಬೇಕಾಯಿತು. ಊರಿನವರಿಗೆ ಒಂದು. ಹೊರದೇಶದವರಿಗೆ ಒಂದು. ಹೊರದೇಶದ ಭಾಗವನ್ನು ಆಸ್ಟ್ರೇಲಿಯಾದ ಫ್ರಾಂಕ್ ಆರ್ಥರ್ ಗೆದ್ದ. ಮರುವರ್ಷ ಎಲ್ಲರನ್ನೂ ಒಂದುಗೂಡಿಸಿದರು. ಆಗಲೂ ಗೆದ್ದವನು ಆಸ್ಟ್ರೇಲಿಯಾದವನೇ, ವಿಕ್ ಹಕ್ಸ್‌ಲಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಫೇ ಟೇಲರ್ ಎಂಬ ಐರಿಷ್ ಹೆಣ್ಣುಮಗಳು 1929ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದಳು. ಪರ್ತ್ ನಗರದಲ್ಲಿ ಅಲ್ಲಿನ ಹೆಸರಾಂತ ಸವಾರ ಸಿಗ್ ಶ್ಲಾಮ್‌ನನ್ನು ಸೋಲಿಸಿದಳು. ಜನ ಅವಳನ್ನು ತಲೆಯ ಮೇಲೆ ಹೊತ್ತರು. ಮರುವರ್ಷವೇ ಬ್ರಿಟನ್ನಿನಲ್ಲಿ ಹೆಂಗಸರಿಗೆ ಸ್ಪೀಡ್‌ವೇ ನಿಷೇಧವಾಯಿತು. ಎಲ್ಲರಿಗಿಂತ ಮೇಲು ಯಾರು ಎಂದು ಹುಡುಕುವ ಆಟ, ಅರ್ಧ ಮನುಷ್ಯಕುಲಕ್ಕೆ ಗೇಟಿನಲ್ಲೇ ಬಾಗಿಲು ಹಾಕಿತು. ಎಷ್ಟು ಚೊಕ್ಕ ಲೆಕ್ಕ ಮಾಡಿದರೂ ಆ ಕೊರತೆ ಕೊರತೆಯೇ.

ಟೇಪು ಬಗೆಹರಿಸಿದ ಆರಂಭದ ತೊಡಕನ್ನು ಬಿಟ್ಟರೆ ಇಲ್ಲಿಯವರೆಗೆ ಇನ್ನೂ ಮೂರು ತೊಡಕು ನೋಡಿದೆವು. ಹ್ಯಾಂಡಿಕ್ಯಾಪ್, ಬೇರೆಬೇರೆ ದೂರದ ಪಟ್ಟಗಳು, ಸೋತವನು ಹೊರಗೆ ಎಂಬ ಪದ್ಧತಿ. ಇವೆಲ್ಲವನ್ನೂ ದಾಟಿ ಸ್ಪೀಡ್‌ವೇ ಕಂಡುಕೊಂಡ ದಾರಿಯನ್ನು ಈಗ ಹೇಳುತ್ತೇನೆ. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಭಾಗ ಇದು.

ಸವಾರರು ಹದಿನಾರು. ಓಟಗಳು ಇಪ್ಪತ್ತು. ಪ್ರತಿ ಓಟಕ್ಕೆ ನಾಲ್ವರು. ಪ್ರತಿಯೊಬ್ಬನಿಗೂ ಐದು ಓಟ. ಒಂದು ಓಟದಲ್ಲಿ ಮೂವರು ಎದುರಾಳಿಗಳು. ಐದು ಓಟಕ್ಕೆ ಹದಿನೈದು ಎದುರಾಳಿಗಳು. ಹದಿನಾರರಲ್ಲಿ ತನ್ನನ್ನು ಬಿಟ್ಟರೆ ಉಳಿಯುವವರೂ ಹದಿನೈದೇ ಮಂದಿ! ಅಂದರೆ ಪ್ರತಿಯೊಬ್ಬ ಸವಾರನೂ ಉಳಿದ ಪ್ರತಿಯೊಬ್ಬನನ್ನೂ ಒಂದು ಸಲ, ಒಂದೇ ಸಲ, ಎದುರಿಸುತ್ತಾನೆ. ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಯಾರಿಗೂ ಸುಲಭದ ದಾರಿ ಇಲ್ಲ.

ಹೀಗೆ ಜೋಡಿಸುವುದು ಸಾಧ್ಯವೇ ಎಂದು ನಿಮಗೆ ಅನುಮಾನ ಬರಬಹುದು. ಹತ್ತಿರದಲ್ಲಿ ಕಾಗದ, ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ. ಒಂದರಿಂದ ಹದಿನಾರರವರೆಗೆ ಅಂಕಿಗಳನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಮೊದಲ ಸಾಲು 1, 2, 3, 4. ಅದರ ಕೆಳಗೆ 5, 6, 7, 8. ಹೀಗೆ ನಾಲ್ಕು ಸಾಲು. ಒಂದೊಂದು ಅಡ್ಡಸಾಲು ಒಂದೊಂದು ಓಟ. ನಾಲ್ಕು ಓಟ ಆಯಿತು. ಈಗ ಮೇಲಿನಿಂದ ಕೆಳಕ್ಕೆ ಓದಿ. 1, 5, 9, 13. ಹೀಗೆ ಇನ್ನು ನಾಲ್ಕು ಓಟ. ಆಮೇಲೆ ಪ್ರತಿ ಅಡ್ಡಸಾಲಿನಿಂದ ಒಬ್ಬ, ಪ್ರತಿ ಕಂಬಸಾಲಿನಿಂದ ಒಬ್ಬ ಬರುವಂತೆ ಆರಿಸಬೇಕು. ಒಂದನೇ ಸವಾರನನ್ನೇ ಹಿಡಿದು ಹೇಳುತ್ತೇನೆ. ಅವನ ಮೂರನೇ ಓಟ 6, 11, 16ರ ಜೊತೆ. ನಾಲ್ಕನೆಯದು 7, 12, 14ರ ಜೊತೆ. ಐದನೆಯದು 8, 10, 15ರ ಜೊತೆ. ಎಣಿಸಿ ನೋಡಿ. ಎರಡರಿಂದ ಹದಿನಾರರವರೆಗೆ ಒಬ್ಬನೂ ಬಿಟ್ಟುಹೋಗಿಲ್ಲ. ಒಬ್ಬನೂ ಎರಡು ಸಲ ಬಂದಿಲ್ಲ. ಉಳಿದ ಹದಿನೈದು ಮಂದಿಗೂ ಇದೇ ರೀತಿ ಕೂರಿಸಬಹುದು. ಈ ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳ ಕೈಗೆ ಕೊಟ್ಟು ಪೂರ್ತಿ ಮಾಡಿಸಿ.

ಇನ್ನೂ ಒಂದು ಸೂಕ್ಷ್ಮವಿದೆ. ಗೇಟಿನಲ್ಲಿ ನಾಲ್ಕು ಜಾಗ. ಒಳಗಿನ ಜಾಗಕ್ಕೆ ತಿರುವು ಹತ್ತಿರ. ಹೊರಗಿನ ಜಾಗಕ್ಕೆ ದೂರ. ಹೊತ್ತು ಕಳೆದಂತೆ ಸಡಿಲ ಮಣ್ಣು ಹೊರಗಂಚಿಗೆ ಸರಿಯುತ್ತದೆ. ಆಗ ಹೊರಗಿನವನ ಚಕ್ರಕ್ಕೆ ಹಿಡಿತ ಸಿಗುತ್ತದೆ. ಅದಕ್ಕೇ ನಾಲ್ಕಾರು ಓಟಕ್ಕೊಮ್ಮೆ ಟ್ರ್ಯಾಕ್ಟರ್ ಬಂದು ಮಣ್ಣು ಎಳೆಯುತ್ತದೆ, ಟ್ಯಾಂಕರ್ ನೀರು ಹಾಯಿಸುತ್ತದೆ. ಸವಾರನಿಗೆ ಐದು ಓಟದಲ್ಲಿ ನಾಲ್ಕು ಜಾಗವೂ ಒಮ್ಮೆಯಾದರೂ ಸಿಗುವಂತೆ ಪಟ್ಟಿ ಮಾಡುತ್ತಾರೆ. ಯಾವುದೋ ಒಂದು ಜಾಗ ಎರಡು ಸಲ ಬರುತ್ತದೆ. ಅಷ್ಟು ಮಾತ್ರ ಚೀಟಿ ಎತ್ತಿದ ಅದೃಷ್ಟ. ಕೊನೆಗೆ ಇಬ್ಬರ ಅಂಕ ಸಮವಾದರೆ ಅವರಿಬ್ಬರೇ ಮತ್ತೆ ಓಡಬೇಕು. ಅದಕ್ಕೆ ರನ್-ಆಫ್ ಎನ್ನುತ್ತಾರೆ.

ಇಷ್ಟು ಚೆಂದದ ಲೆಕ್ಕ ಕೈಗೆ ಬಂದ ಮೇಲೂ ಮನುಷ್ಯರು ಅದನ್ನು ಕೆಡಿಸಿದರು. ಆ ಕಥೆಯಲ್ಲಿ ಇಬ್ಬರು ನಾಯಕರು. ಇಬ್ಬರೂ ನ್ಯೂ ಸೌತ್ ವೇಲ್ಸ್‌ನವರೇ.

1936ರ ಸೆಪ್ಟೆಂಬರ್. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್. 70 ಸಾವಿರಕ್ಕೂ ಹೆಚ್ಚು ಜನ. ಹದಿನಾರು ಸವಾರರು, ಇಪ್ಪತ್ತು ಓಟಗಳು. ಬ್ಲೂಯಿ ವಿಲ್ಕಿನ್ಸನ್ ಅಲ್ಲಿದ್ದ. ಸಿಡ್ನಿಯಿಂದ ಪಶ್ಚಿಮಕ್ಕೆ, ಬೆಟ್ಟಗಳಾಚೆಯ ಬಾಥರ್ಸ್ಟ್ ಊರಿನ ಹುಡುಗ. ಕೆಂಚುಗೂದಲಿನವನು. ಅವನು ಮೊದಲ ಓಟ ಗೆದ್ದ. ಎರಡನೆಯದೂ ಗೆದ್ದ. ಮೂರು, ನಾಲ್ಕು, ಐದು, ಎಲ್ಲವನ್ನೂ ಗೆದ್ದ. ಹದಿನೈದು ಎದುರಾಳಿಗಳಲ್ಲಿ ಒಬ್ಬನೂ ಅವನ ಮುಂದೆ ಹೋಗಲಿಲ್ಲ. ಹದಿನೈದಕ್ಕೆ ಹದಿನೈದು ಅಂಕ.

ಆದರೂ ಅವನು ವಿಶ್ವ ಚಾಂಪಿಯನ್ ಆಗಲಿಲ್ಲ. ಎರಡನೆಯವನೂ ಆಗಲಿಲ್ಲ. ಮೂರನೆಯವನಾದ.

ಏಕೆ? ಫೈನಲ್‌ಗೆ ಮುಂಚೆ ಬೇರೆಬೇರೆ ಟ್ರ್ಯಾಕುಗಳಲ್ಲಿ ಅರ್ಹತಾ ಸುತ್ತು ನಡೆದಿತ್ತು. ಅಲ್ಲಿನ ಸಾಧನೆಗೆ ಬೋನಸ್ ಅಂಕ ಕೊಟ್ಟಿದ್ದರು. ಆ ಬೋನಸ್ಸನ್ನು ಫೈನಲ್ ರಾತ್ರಿಯ ಅಂಕಕ್ಕೆ ಕೂಡಿಸಿದರು. ವಿಲ್ಕಿನ್ಸನ್‌ಗೆ ಬೋನಸ್ 10. ಒಟ್ಟು 25. ಇನ್ನಿಬ್ಬರಿಗೆ 26 ಬಂತು. ಒಬ್ಬ ಸಿಡ್ನಿಯ ಲಯನೆಲ್ ವ್ಯಾನ್ ಪ್ರಾಗ್. ಇನ್ನೊಬ್ಬ ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್. ಅವರಿಬ್ಬರ ರನ್-ಆಫ್‌ನಲ್ಲಿ ವ್ಯಾನ್ ಪ್ರಾಗ್ ಗೆದ್ದು ಜಗತ್ತಿನ ಮೊದಲ ಚಾಂಪಿಯನ್ ಆದ. ಅಜೇಯನಾಗಿ ಉಳಿದವನು ಪಕ್ಕದಲ್ಲಿ ನಿಂತು ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ.

ವ್ಯಾನ್ ಪ್ರಾಗ್‌ನನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವನು ದೊಡ್ಡ ಸವಾರ. ಅದಕ್ಕಿಂತ ದೊಡ್ಡ ಮನುಷ್ಯ. ಎರಡನೇ ಮಹಾಯುದ್ಧದಲ್ಲಿ ಅವನಿದ್ದ ವಿಮಾನ ಇಂಡೊನೇಷ್ಯಾದ ಕಡಲಿಗೆ ಉರುಳಿತು. ಶಾರ್ಕ್‌ಗಳಿದ್ದ ನೀರಿನಲ್ಲಿ ಗಂಟೆಗಟ್ಟಲೆ ಈಜುತ್ತ ಸಂಗಾತಿಗಳನ್ನು ಉಳಿಸಿದ. ಅದಕ್ಕಾಗಿ ಜಾರ್ಜ್ ಪದಕ ಪಡೆದ. ತಪ್ಪು ಅವನದಲ್ಲ. ತಪ್ಪು ನಿಯಮದ್ದು. ಒಂದು ರಾತ್ರಿಯ ಲೆಕ್ಕಕ್ಕೆ ಬೇರೆ ರಾತ್ರಿಗಳ ಅಂಕ ಬೆರೆಸಿದ್ದೇ ತಪ್ಪು.

ವಿಲ್ಕಿನ್ಸನ್ ಬಿಡಲಿಲ್ಲ. 1938ರಲ್ಲಿ ಮತ್ತೆ ವೆಂಬ್ಲಿಗೆ ಬಂದ. ಫೈನಲ್‌ಗೆ ತೀರ ಹತ್ತಿರದಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದ. ಬಿಗಿಯಾಗಿ ಪಟ್ಟಿ ಸುತ್ತಿಸಿಕೊಂಡು ಗಾಡಿ ಹತ್ತಿದ. ನಾಲ್ಕು ಓಟ ಗೆದ್ದ, ಒಂದರಲ್ಲಿ ಎರಡನೆಯವನಾದ. ಒಂದೇ ಅಂಕದ ಅಂತರದಲ್ಲಿ ವಿಶ್ವ ಚಾಂಪಿಯನ್ ಆದ. ಎರಡು ವರ್ಷದೊಳಗೆ, 1940ರಲ್ಲಿ, ಸಿಡ್ನಿಯ ಸಾಮಾನ್ಯ ರಸ್ತೆಯೊಂದರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಮೂವತ್ತು ಇನ್ನೂ ತುಂಬಿರಲಿಲ್ಲ.

ಯುದ್ಧ ಮುಗಿದ ಮೇಲೆ 1949ರಲ್ಲಿ ವಿಶ್ವ ಫೈನಲ್ ಮತ್ತೆ ನಡೆಯಿತು. ಆಗ ಬೋನಸ್ ಇರಲಿಲ್ಲ. ವಿಲ್ಕಿನ್ಸನ್‌ಗೆ ಆದದ್ದು ಇನ್ನೊಬ್ಬನಿಗೆ ಆಗುವಂತಿರಲಿಲ್ಲ. ಟ್ರ್ಯಾಕಿನಲ್ಲಿ ಆ ರಾತ್ರಿ ಗಳಿಸಿದ್ದಷ್ಟೇ ಲೆಕ್ಕ.

ಇಲ್ಲಿಗೆ ಲೆಕ್ಕ ಸ್ಥಿರವಾಯಿತು. ಹದಿನಾರು ಮಂದಿ, ಇಪ್ಪತ್ತು ಓಟ, ಒಂದು ರಾತ್ರಿ. ಈಗ ಇದರಡಿಯಲ್ಲಿ ಬೆಳೆದ ನ್ಯೂ ಸೌತ್ ವೇಲ್ಸ್ ಸವಾರರ ಕಡೆ ಒಮ್ಮೆ ನೋಡೋಣ.

ಯುದ್ಧ ಮುಗಿದ ಕೂಡಲೇ ಎದ್ದುಬಂದವನು ವಿಕ್ ಡಗ್ಗನ್. ಆಟ ಹುಟ್ಟಿದ ಮೇಟ್‌ಲ್ಯಾಂಡ್ ಸೀಮೆಯಲ್ಲೇ ಹುಟ್ಟಿದವನು. 1947, 48ರಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಆ ವರ್ಷಗಳಲ್ಲಿ ವಿಶ್ವ ಪಟ್ಟವೇ ಇರಲಿಲ್ಲ. ಅದರ ಬದಲಿಗೆ ನಡೆದ ಬ್ರಿಟಿಷ್ ಸವಾರರ ಪಟ್ಟವನ್ನು 1948ರಲ್ಲಿ ಗೆದ್ದ. 1950ರ ಜನವರಿಯಲ್ಲಿ ಸಿಡ್ನಿಯ ಟ್ರ್ಯಾಕಿನಲ್ಲಿ ಅವನ ತಮ್ಮ ರೇ ಡಗ್ಗನ್ ಅಪಘಾತದಲ್ಲಿ ಸತ್ತ. ಅದೇ ಅಪಘಾತದಲ್ಲಿ ನಾರ್ಮನ್ ಕ್ಲೇ ಎಂಬ ಇನ್ನೊಬ್ಬ ಸವಾರನೂ ಹೋದ. ವಿಕ್ ಆಮೇಲೆ ಓಟದಿಂದ ದೂರವಾದ. ಅವನನ್ನು ಯಾರೂ ದೂರಲಿಲ್ಲ.

ಆಬ್ ಲಾಸನ್ ಇನ್ನೊಬ್ಬ. ರಾಜ್ಯದ ಉತ್ತರದ ಕುರಿ, ಗೋಧಿಯ ಸೀಮೆಯವನು. ಯುದ್ಧಕ್ಕೆ ಮುಂಚೆಯೇ ಓಡಿಸಲು ಶುರುಮಾಡಿದವನು. 1958ರ ವಿಶ್ವ ಫೈನಲ್‌ನಲ್ಲಿ ಮೂರನೆಯವನಾದ. ಆಗ ಅವನಿಗೆ ನಲವತ್ತು ದಾಟಿತ್ತು. ಅರ್ಧ ವಯಸ್ಸಿನವರ ನಡುವೆ ಐದು ಓಟದಲ್ಲೂ ಎಡವದೆ ಅಂಕ ಕೂಡಿಸುವುದು ಅನುಭವದ ಕೆಲಸ. ಸೋತವನು ಹೊರಗೆ ಎಂಬ ಹಳೆಯ ಪದ್ಧತಿಯಲ್ಲಿ ಅವನಿಗೆ ಆ ಸ್ಥಾನ ಸಿಗುತ್ತಿತ್ತೋ ಇಲ್ಲವೋ.

1970ರ ದಶಕದ ಕೊನೆಗೆ ಸಿಡ್ನಿಯ ಬಿಲ್ಲಿ ಸ್ಯಾಂಡರ್ಸ್ ಬಂದ. ದೇಶದ ಪಟ್ಟವನ್ನು ಆರು ಸಲ ಗೆದ್ದ. 1980ರಲ್ಲಿ ವಿಶ್ವದಲ್ಲಿ ಮೂರನೆಯವನು, 1983ರಲ್ಲಿ ಎರಡನೆಯವನು. ಇನ್ನೊಂದು ಮೆಟ್ಟಿಲು ಉಳಿದಿತ್ತು. 1985ರಲ್ಲಿ, ಮೂವತ್ತು ತುಂಬುವ ಮೊದಲೇ, ಅವನೂ ತೀರಿಕೊಂಡ. ಈ ಆಟದ ಚರಿತ್ರೆಯನ್ನು ಹೇಳಹೊರಟರೆ ಸಾವುಗಳನ್ನು ದಾಟದೆ ಮುಂದೆ ಹೋಗುವ ದಾರಿಯೇ ಇಲ್ಲ.

ಟ್ರ್ಯಾಕುಗಳೂ ಹೋದವು. ಸಿಡ್ನಿಯ ರಾಯಲ್‌ನಲ್ಲಿ ನಿಯಮಿತ ಓಟ 1980ರ ಹೊತ್ತಿಗೆ ನಿಂತಿತು. 1996ರಲ್ಲಿ ಕೊನೆಯದಾಗಿ ಎಂಜಿನ್ನುಗಳು ಅಲ್ಲಿ ಮೊರೆದವು. ಆಮೇಲೆ ಆ ಜಾಗ ಸಿನಿಮಾ ಸ್ಟುಡಿಯೊ ಆಯಿತು. ನಗರದ ಜಾಗಕ್ಕೆ ಬೆಲೆ ಬಂತು. ಸದ್ದಿಗೆ ನೆರೆಹೊರೆಯವರ ಆಕ್ಷೇಪ ಬಂತು. ಸ್ಪೀಡ್‌ವೇ ಮತ್ತೆ ಸಣ್ಣ ಊರುಗಳ ಕಡೆ ಸರಿಯಿತು. ಇವತ್ತು ರಾಜ್ಯದ ಮುಖ್ಯ ಟ್ರ್ಯಾಕುಗಳಲ್ಲಿ ಒಂದು ಕರ್ರಿ ಕರ್ರಿ ಎಂಬ ಗಣಿ ಊರಿನ ಹೊರಗಿದೆ. ಮೇಟ್‌ಲ್ಯಾಂಡಿಗೆ ಅದು ಕೂಗಳತೆಯ ದೂರ ಎನ್ನಬಹುದು.

ಜನ, ಜಾಗ ಎರಡರ ಕಥೆಯೂ ಆಯಿತು. ಕೊನೆಯದಾಗಿ, ನ್ಯಾಯದ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ ಎಂಬ ಮಾತು.

1995ರಲ್ಲಿ ವಿಶ್ವ ಪಟ್ಟದ ರೂಪ ಬದಲಾಯಿತು. ಒಂದು ರಾತ್ರಿಯ ಫೈನಲ್ ಹೋಗಿ ಗ್ರ್ಯಾನ್ ಪ್ರಿ ಬಂತು. ವರ್ಷವಿಡೀ ಹಲವು ದೇಶಗಳಲ್ಲಿ ಓಟ, ಎಲ್ಲದರ ಅಂಕ ಕೂಡಿಸಿ ಪಟ್ಟ. ಆಸ್ಟ್ರೇಲಿಯಾದ ರಾಷ್ಟ್ರೀಯ ಪಟ್ಟವೂ ಈಗ ಹಲವು ಸುತ್ತಿನ ಸರಣಿ. ಒಂದು ರಾತ್ರಿಯ ಅದೃಷ್ಟಕ್ಕಿಂತ ಇಡೀ ಸರಣಿಯ ಸಾಧನೆ ದೊಡ್ಡದು ಎಂಬುದು ಇದರ ವಾದ. ಒಪ್ಪತಕ್ಕ ಮಾತೇ.

ಆದರೆ ಜೇಸನ್ ಡಾಯ್ಲ್‌ನನ್ನು ನೋಡಿ. ನ್ಯೂಕ್ಯಾಸಲ್‌ನವನು. 2016ರಲ್ಲಿ ವಿಶ್ವ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದ. ಸರಣಿ ಮುಗಿಯಲು ಇನ್ನೇನು ಬಾಕಿ ಎನ್ನುವಾಗ ಪೋಲೆಂಡಿನ ತೊರುನ್ ನಗರದಲ್ಲಿ ಬಿದ್ದು ಗಾಯಗೊಂಡ. ಉಳಿದ ಓಟ ತಪ್ಪಿತು. ಪಟ್ಟ ಕೈಬಿಟ್ಟಿತು. ಅಂದರೆ ಸರಣಿಯಲ್ಲೂ ಒಂದು ನಿಮಿಷ ಒಂದು ವರ್ಷವನ್ನು ನುಂಗಬಲ್ಲದು. ಮರುವರ್ಷ ಕಾಲುಮೂಳೆ ಮುರಿಯಿತು. ಊರುಗೋಲು ಹಿಡಿದು ಟ್ರ್ಯಾಕಿಗೆ ಬರುತ್ತಿದ್ದ. ಊರುಗೋಲು ಪಕ್ಕಕ್ಕಿಟ್ಟು ಗಾಡಿ ಹತ್ತುತ್ತಿದ್ದ. 2017ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ, ತನ್ನದೇ ದೇಶದ ಜನರೆದುರು, ವಿಶ್ವ ಚಾಂಪಿಯನ್ ಆದ. ಅದಕ್ಕೆ ಐದು ವರ್ಷ ಮೊದಲು, 2012ರಲ್ಲಿ, ನ್ಯೂ ಸೌತ್ ವೇಲ್ಸ್‌ನವನೇ ಆದ ಕ್ರಿಸ್ ಹೋಲ್ಡರ್ ಆ ಪಟ್ಟ ಗೆದ್ದಿದ್ದ.

ಇನ್ನೊಂದು ಬದಲಾವಣೆಯ ಬಗ್ಗೆ ನನಗೆ ತಕರಾರಿದೆ. ಈಗ ಹಲವು ಕಡೆ ಇಪ್ಪತ್ತು ಓಟ ಮುಗಿದ ಮೇಲೆ ಮುಂದಿನ ಸ್ಥಾನದವರಿಗೆ ಸೆಮಿಫೈನಲ್, ಫೈನಲ್ ಎಂದು ಮತ್ತೆ ಓಡಿಸುತ್ತಾರೆ. ಟಿವಿಗೆ ಇದು ಚೆನ್ನ. ಕೊನೆಯ ನಿಮಿಷದವರೆಗೆ ಕುತೂಹಲ ಉಳಿಯುತ್ತದೆ. ಆದರೆ ಐದಕ್ಕೆ ಐದು ಗೆದ್ದವನು ಆರನೆಯ ಓಟದಲ್ಲಿ ಜಾರಿದರೆ ರಾತ್ರಿ ಅವನದಾಗುವುದಿಲ್ಲ. 1936ರ ವಿಲ್ಕಿನ್ಸನ್ ಇನ್ನೊಂದು ವೇಷದಲ್ಲಿ ಮತ್ತೆ ಬಂದಂತಾಯಿತು. ಹದಿನೈದು ಮಂದಿಯನ್ನೂ ಸೋಲಿಸಿದವನಿಗೆ ಇನ್ನೇನು ಪರೀಕ್ಷೆ? ರಾಜ್ಯದ ಪಟ್ಟವನ್ನಾದರೂ ಇಪ್ಪತ್ತನೇ ಓಟಕ್ಕೇ ನಿಲ್ಲಿಸಬೇಕು, ಸಮವಾದರೆ ಮಾತ್ರ ರನ್-ಆಫ್ ಇರಬೇಕು ಎಂಬ ಹಳಬರ ಪಕ್ಷ ನನ್ನದು.

ಸ್ಪೀಡ್‌ವೇಗೆ ಹೋಗುವ ಪ್ರೇಕ್ಷಕರು ಕೈಯಲ್ಲಿ ಒಂದು ಪುಸ್ತಿಕೆ ಹಿಡಿದಿರುತ್ತಾರೆ. ಅದರಲ್ಲಿ ಹದಿನಾರು ಹೆಸರು. ಪ್ರತಿ ಹೆಸರಿನ ಮುಂದೆ ಐದು ಖಾಲಿ ಚೌಕ. ಒಂದೊಂದು ಓಟ ಮುಗಿದಾಗಲೂ ಅವರೇ ಅಂಕ ಬರೆದುಕೊಳ್ಳುತ್ತಾರೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಲೆಕ್ಕಿಗರೇ. ಬಿದ್ದವನ ಚೌಕದಲ್ಲಿ ಎಫ್ ಎಂಬ ಅಕ್ಷರ. ಟೇಪು ಮುಟ್ಟಿ ಹೊರಬಿದ್ದವನಿಗೆ ಟಿ. ಇನ್ನೊಬ್ಬನನ್ನು ಬೀಳಿಸಿ ಹೊರಹಾಕಿಸಿಕೊಂಡವನಿಗೆ ಎಕ್ಸ್. ನ್ಯೂ ಸೌತ್ ವೇಲ್ಸ್ ಪಟ್ಟದ ಫಲಿತಾಂಶ ಎಂದಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಬರೀ ಒಟ್ಟು ಅಂಕ ನೋಡಿ ಬಿಡಬೇಡಿ. ಆ ಐದು ಚೌಕಗಳನ್ನು ಓದಿ. 3, 3, ಸೊನ್ನೆ, 3, 3 ಎಂದಿದ್ದರೆ ಮೂರನೇ ಓಟದಲ್ಲಿ ಬಹುಶಃ ಎಂಜಿನ್ ನಿಂತಿದೆ. ಒಟ್ಟು 12. ಹಳೆಯ ಪದ್ಧತಿಯಲ್ಲಿ ಅವನು ಅಲ್ಲಿಗೇ ಮನೆಗೆ. ಈಗ ನೋಡಿ, ಉಳಿದವರು ಒಬ್ಬರಿಂದೊಬ್ಬರು ಅಂಕ ಕಿತ್ತುಕೊಂಡರೆ ಆ 12ರಲ್ಲೂ ಅವನು ರನ್-ಆಫ್‌ಗೆ ಬಂದು ನಿಲ್ಲಬಹುದು.